ಓದಲಾಗದ ಅಕ್ಷರದ ಮುಂದೆ: ಪಾರ್ಸಿ ಲಿಪಿಕಲೆ, ಇಂದಿನ ಕಲಾಕೃತಿ ಮತ್ತು ಬಾರಾಮಹಲಿನ ಓದುಗರು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳಿಸ್ತಿದೆ ಅಂದುಕೊಳ್ತೀನಿ. ನಾನು ಮಾತಾಡ್ತಿರೋದು ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಕಡೆಯ ನಮ್ಮ ಮನೆಯಿಂದ. ನೆಟ್‌ವರ್ಕ್ ಮಧ್ಯೆ ಕೈಕೊಟ್ಟರೆ ದಯವಿಟ್ಟು ಒಂದೆರಡು ನಿಮಿಷ ಕಾಯಿರಿ.

ನನ್ನ ವಿಷಯ ಪಾರ್ಸಿ ಲಿಪಿಕಲೆಯಿಂದ ಹುಟ್ಟಿದ ಇಂದಿನ ಕಲಾಕೃತಿಗಳು. ಕನ್ನಡ ಎಂ.ಎ. ವಿದ್ಯಾರ್ಥಿಗೆ ಇದ್ಯಾಕೆ ಅಂತ ನಿಮಗೆ ಅನ್ನಿಸಬಹುದು. ಕಾರಣ ಸರಳ. ಒಂದು ತರಗತಿಯಲ್ಲಿ ಶಿರಿನ್ ನೆಶಾತ್ ಅವರ ಛಾಯಾಚಿತ್ರವೊಂದನ್ನು ಪರದೆಯ ಮೇಲೆ ತೋರಿಸಿದರು. ಒಬ್ಬ ಹೆಂಗಸಿನ ಮುಖ, ಅದರ ತುಂಬ ಕಪ್ಪು ಶಾಯಿಯ ಬರಹ. ನಾವೆಲ್ಲ ‘ಎಷ್ಟು ಚೆನ್ನಾಗಿದೆ, ಮೆಹಂದಿ ಹಾಕಿದ ಹಾಗಿದೆ’ ಅಂದೆವು. ಯಾರೋ ‘ಮಂತ್ರ ಇರಬೇಕು’ ಅಂದರು. ‘ಅಲ್ಲಿ ಏನು ಬರೆದಿದೆ?’ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವತ್ತು ರಾತ್ರಿ ಅದು ನನ್ನನ್ನು ಕಾಡಿತು. ಯಾಕೆಂದರೆ ಇದೇ ತಪ್ಪನ್ನು ನಮ್ಮ ಮನೆಯವರು ಐವತ್ತು ವರ್ಷ ಮಾಡಿದ್ದರು.

1. ದೇವರ ಗೂಡಿನ ಪುಸ್ತಕ

ನಮ್ಮದು ನೇಯ್ಗೆಯ ಮನೆತನ. ಅಮ್ಮನ ತವರು ಸೇಲಂ. ಅಲ್ಲಿ ಕನ್ನಡ ಮಾತಾಡುವ ದೇವಾಂಗರ ಬೀದಿಗಳಿವೆ. ಎರಡೂ ಕಡೆ ಮನೆಮಾತು ಕನ್ನಡ, ಬರಹ ತಮಿಳು. ನಾನು ಹನ್ನೆರಡನೆಯ ತರಗತಿವರೆಗೆ ಓದಿದ್ದು ತಮಿಳು ಮಾಧ್ಯಮದಲ್ಲಿ. ಕನ್ನಡ ನನಗೆ ಕಿವಿಯ ಭಾಷೆಯಾಗಿತ್ತು, ಕಣ್ಣಿನ ಭಾಷೆ ಆಗಿರಲಿಲ್ಲ.

ಮನೆಯ ದೇವರ ಗೂಡಿನಲ್ಲಿ, ಮಾದಪ್ಪನ ಪಟದ ಪಕ್ಕ, ದಾರದಲ್ಲಿ ಹೊಲಿದ ಹಳೆಯ ಪುಸ್ತಕ ಒಂದಿತ್ತು. ಮುತ್ತಾತನ ಕೈಬರಹ, ಕನ್ನಡ ಅಕ್ಷರ. ಅಜ್ಜಿ ಪ್ರತಿ ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಹಚ್ಚೋಳು. ‘ಅದು ದೇವ್ರ ಪುಸ್ತಕ, ಎಂಜಲು ಕೈಲಿ ಮುಟ್ಬೇಡ’ ಅನ್ನೋಳು. ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಉಳಿದಿರಲಿಲ್ಲ.

ಇಪ್ಪತ್ತನೆಯ ವಯಸ್ಸಿನಲ್ಲಿ ನಾನು ಕನ್ನಡ ಅಕ್ಷರ ತಿದ್ದಲು ಶುರುಮಾಡಿದೆ. ಪುಟಗಟ್ಟಲೆ ಒಂದೇ ಅಕ್ಷರ ಬರೆದೆ. ಎಂಟು ತಿಂಗಳ ನಂತರ ಧೈರ್ಯ ಮಾಡಿ ಪುಸ್ತಕ ಬಿಚ್ಚಿದೆ. ಅದು ಮಂತ್ರವಲ್ಲ, ಪುರಾಣವಲ್ಲ, ಸಾಲದ ಲೆಕ್ಕ. ಯಾರಿಗೆ ಎಷ್ಟು ನೂಲು ಕೊಟ್ಟಿತು, ಯಾರು ಎಷ್ಟು ಸೀರೆ ನೇಯ್ದು ತಂದರು, ಯಾರು ಎಷ್ಟು ಕೊಳಗ ರಾಗಿ ಬಾಕಿ. ಕನ್ನಡ ಅಂಕಿಯಲ್ಲಿ, ಸಾಲು ಸಾಲಾಗಿ.

ಅಜ್ಜಿಗೆ ಹೇಗೆ ಹೇಳೋದು ಅಂತ ಎರಡು ದಿನ ಸುಮ್ಮನಿದ್ದೆ. ಆಮೇಲೆ ಹೇಳಿದೆ. ಅಜ್ಜಿಗೆ ಬೇಜಾರಾಗಲಿಲ್ಲ. ‘ಹಂಗಾರೆ ಓದು’ ಅಂದಳು. ನಾನು ಒಂದೊಂದೇ ಹೆಸರು ಓದುತ್ತಾ ಹೋದೆ. ಅವಳು ಒಬ್ಬೊಬ್ಬರ ಮನೆ ಯಾವುದು, ಅವರ ಮಕ್ಕಳು ಯಾರು, ಯಾರು ತಿರುಪ್ಪೂರಿಗೆ ಹೋದರು ಅಂತ ಹೇಳುತ್ತಾ ಹೋದಳು. ಅರಿಶಿನದ ಕೆಳಗಿಂದ ಒಂದು ಬೀದಿಯೇ ಎದ್ದು ಬಂತು. ಅದನ್ನು ಪೂಜೆ ಮಾಡುತ್ತಿದ್ದಷ್ಟು ಕಾಲ ಆ ಜನ ನಮಗೆ ಕಾಣಿಸಿರಲಿಲ್ಲ.

ಈ ಪ್ರಬಂಧದ ವಾದ ಇಲ್ಲಿಂದ ಬಂದದ್ದು. ‘ಓದಲಾಗದು’ ಎಂಬುದು ಒಂದೇ ಗುಣವಲ್ಲ, ಎರಡು. ಯಾರೂ ಓದಬಾರದೆಂದೇ ಕಲಾವಿದ ರೂಪಿಸಿದ ಅಕ್ಷರ ಒಂದು. ಓದಲೆಂದೇ ಬರೆದದ್ದು, ಆದರೆ ನನಗೆ ಓದಲು ಬಾರದು, ಇದು ಇನ್ನೊಂದು. ಮೊದಲನೆಯದು ಕೃತಿಯ ಗುಣ. ಎರಡನೆಯದು ನೋಡುಗನ ಕೊರತೆ. ‘ಲಿಪಿಯ ಸೌಂದರ್ಯ ಅರ್ಥವನ್ನು ಮೀರಿದ್ದು’ ಎಂಬ ನಮ್ಮ ವಿಮರ್ಶೆಯ ಸಿದ್ಧ ಮಾತು ಇವೆರಡನ್ನೂ ಒಂದೇ ಮಾಡಿಬಿಡುತ್ತದೆ. ನನ್ನ ತಕರಾರು ಅದರ ಬಗ್ಗೆ.

2. ಬಾಯಲ್ಲಿರುವ ಪಾರ್ಸಿ

ಮೊದಲು ಲಿಪಿಯ ಬಗ್ಗೆ ಸ್ವಲ್ಪ. ಪಾರ್ಸಿ ಭಾಷೆ ಅರಬ್ಬಿ ಲಿಪಿಯನ್ನು ತೆಗೆದುಕೊಂಡು ತನಗೆ ಬೇಕಾದ ನಾಲ್ಕು ಅಕ್ಷರಗಳನ್ನು ಸೇರಿಸಿಕೊಂಡಿತು: ಪೇ, ಚೇ, ಝೇ, ಗಾಫ್. ಒಟ್ಟು 32. ಇರಾನಿನಲ್ಲಿ 14ನೇ ಶತಮಾನದ ಹೊತ್ತಿಗೆ ರೂಪುಗೊಂಡ ನಸ್ತಾಲಿಖ್ ಎಂಬ ಬರಹದ ಶೈಲಿಯಲ್ಲಿ ಪದಗಳು ಬಲ ಮೇಲಿನಿಂದ ಎಡ ಕೆಳಕ್ಕೆ ಇಳಿಬಿದ್ದಂತೆ ಇರುತ್ತವೆ. ಅದನ್ನು ವ್ಯವಸ್ಥಿತಗೊಳಿಸಿದ ಶ್ರೇಯಸ್ಸು ಸಂಪ್ರದಾಯದಲ್ಲಿ ಮೀರ್ ಅಲಿ ತಬ್ರೀಜಿಗೆ ಸಲ್ಲುತ್ತದೆ. ಭಾರತದ ಉರ್ದು ಬರಹವೂ ಇದೇ ಶೈಲಿಯದು. ಇದನ್ನು ಕಲಿಯುವವರು ಒಂದೇ ಹಾಳೆಯ ಮೇಲೆ ಅದೇ ಅಕ್ಷರವನ್ನು ಮತ್ತೆ ಮತ್ತೆ, ಹಾಳೆ ತಿರುಗಿಸಿ, ಜಾಗವೇ ಉಳಿಯದಂತೆ ಬರೆಯುತ್ತಿದ್ದರು. ಅದಕ್ಕೆ ‘ಸಿಯಾಹ್ ಮಶ್ಖ್’, ಅಂದರೆ ಕಪ್ಪು ಅಭ್ಯಾಸ ಅನ್ನುತ್ತಾರೆ. 19ನೇ ಶತಮಾನದ ಇರಾನಿನಲ್ಲಿ ಈ ಅಭ್ಯಾಸದ ಹಾಳೆಗಳೇ ಕಲಾಕೃತಿಗಳ ಮರ್ಯಾದೆ ಪಡೆದವು. ನನ್ನ ಎಂಟು ತಿಂಗಳ ನೋಟ್‌ಬುಕ್ಕನ್ನು ಯಾರೂ ಚೌಕಟ್ಟು ಹಾಕಿಸಲಿಲ್ಲ, ಅದು ಬೇರೆ ಮಾತು.

ಸಿಯಾಹ್ ಅಂದರೆ ಕಪ್ಪು, ಸಿಯಾಹಿ ಅಂದರೆ ಮಸಿ. ನಮ್ಮ ‘ಶಾಯಿ’ ಅಲ್ಲಿಂದಲೇ ಬಂದದ್ದು. ‘ಕಾಗದ’ ಪಾರ್ಸಿಯ ಕಾಗಜ್. ‘ಮೊಹರು’ ಅಲ್ಲಿನ ಮುಹರ್. ಹಳಬರು ರುಜುವಿಗೆ ‘ದಸ್ಕತ್ತು’ ಅನ್ನುತ್ತಾರಲ್ಲ, ಅದು ದಸ್ತ್ ಮತ್ತು ಖತ್, ಕೈ ಮತ್ತು ಬರಹ. ಈ ‘ಖತ್’ ಎಂಬುದೇ ಲಿಪಿಕಲೆಗೆ ಇರುವ ಹೆಸರು. ಇದು ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ನಮ್ಮೂರಿನ ತಮಿಳರೂ ‘ಕಾಗಿದಂ’ ಅನ್ನುತ್ತಾರೆ, ತಹಶೀಲ್ದಾರರನ್ನು ತಾಸಿಲ್ದಾರ್ ಅನ್ನುತ್ತಾರೆ. ಅಂದರೆ ಪಾರ್ಸಿ ಪರಂಪರೆ ನಮ್ಮ ಬಾಯಲ್ಲಿ ದಿನಾ ಇದೆ, ಕಣ್ಣಿನಿಂದ ಮಾತ್ರ ಹೋಗಿದೆ. ನನ್ನ ಮನೆಯ ಕನ್ನಡದ ಹಾಗೆಯೇ.

3. ತೆಹರಾನ್ ಮತ್ತು ಮದ್ರಾಸ್

ಈಗ ಕೃತಿಗಳಿಗೆ ಬರೋಣ. 1960ರ ದಶಕದ ಆರಂಭದಲ್ಲಿ ತೆಹರಾನಿನ ಕೆಲವು ತರುಣ ಕಲಾವಿದರು ಜನಸಾಮಾನ್ಯರ ಪ್ರಾರ್ಥನಾ ಹಾಳೆ, ತಾಯಿತ, ಬೀಗ, ಮುದ್ರೆಗಳನ್ನು ತಮ್ಮ ಕಲೆಗೆ ತಂದರು. ವಿಮರ್ಶಕ ಕರೀಮ್ ಎಮಾಮಿ ಇದಕ್ಕೆ ‘ಸಖ್ಖಾಖಾನೆ’ ಎಂಬ ಹೆಸರು ಕೊಟ್ಟರು. ಸಖ್ಖಾಖಾನೆ ಅಂದರೆ ಬೀದಿಬದಿಯ ಕುಡಿಯುವ ನೀರಿನ ಜಾಗ. ಕರ್ಬಲಾದಲ್ಲಿ ಬಾಯಾರಿ ಸತ್ತವರ ನೆನಪಿಗೆ ಇಟ್ಟದ್ದು. ನಮ್ಮ ಅರವಟ್ಟಿಗೆ ಅಂದುಕೊಳ್ಳಿ, ಜೊತೆಗೆ ಹರಕೆಯ ಬೀಗ, ದೀಪ ಎಲ್ಲ ಇರುವಂಥದ್ದು.

ಇವರಲ್ಲಿ ಹುಸೇನ್ ಜೆಂದೆರೂದಿ ಅಕ್ಷರ, ಅಂಕಿಗಳನ್ನು ದಟ್ಟವಾಗಿ ತುಂಬಿದರು. ಅವರ 1962ರ ಒಂದು ಪ್ರಸಿದ್ಧ ಕೃತಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಅದರ ಶೀರ್ಷಿಕೆಯೇ ಅಕ್ಷರ, ಅಂಕಿ, ಕೂಡಿಸುವ ಚಿಹ್ನೆಗಳ ಒಂದು ಸಾಲು, ಕೊನೆಗೆ ‘ನನ್ನ ತಂದೆ ಮತ್ತು ನಾನು’ ಎಂಬ ಮಾತು. ಅವರ ಇಂಥ ಕೃತಿಗಳಲ್ಲಿ ಅಕ್ಷರ ಬಹುಮಟ್ಟಿಗೆ ಪದವಾಗುವುದಿಲ್ಲ. ಪಾರ್ಸಿ ಬಲ್ಲವರಿಗೂ ಅಲ್ಲಿ ವಾಕ್ಯ ಸಿಗುವುದಿಲ್ಲ. ತಾಯಿತದ ಒಳಗಿನ ಹಾಳೆಯ ಹಾಗೆ ಅದು ಎಲ್ಲರನ್ನೂ ಸಮಾನವಾಗಿ ಹೊರಗೆ ನಿಲ್ಲಿಸುತ್ತದೆ. ಇದು ನಾನು ಹೇಳಿದ ಮೊದಲನೆಯ ಬಗೆ.

ಹೆಚ್ಚುಕಡಿಮೆ ಅದೇ ಹೊತ್ತಿಗೆ, ನಮಗೆ ಹತ್ತಿರದ ಮದ್ರಾಸಿನಲ್ಲಿ ಕೆ.ಸಿ.ಎಸ್. ಪಣಿಕ್ಕರ್ ‘ಪದಗಳು ಮತ್ತು ಸಂಕೇತಗಳು’ ಎಂಬ ಮಾಲಿಕೆ ಶುರುಮಾಡಿದರು, 1963ರಲ್ಲಿ. ಮಲಯಾಳಂ ಲಿಪಿಯಂತೆ ಕಾಣುವ ಸಾಲುಗಳು, ಜಾತಕದ ಮನೆಗಳು, ಗಣಿತದ ಚಿಹ್ನೆಗಳು. ಓದಲು ಹೋದರೆ ಅದು ಜಾರುತ್ತದೆ. 1966ರಲ್ಲಿ ಚೋಳಮಂಡಲ ಕಲಾಗ್ರಾಮ ಕಟ್ಟಿದವರು ಅವರೇ. ನಮ್ಮ ಮೈಸೂರಿನ ಎಸ್.ಜಿ. ವಾಸುದೇವ್ ಕೂಡ ಮದ್ರಾಸಿನಲ್ಲಿ ಅವರ ಬಳಿ ಕಲಿತು ಚೋಳಮಂಡಲದಲ್ಲಿದ್ದವರು. ತೆಹರಾನನ್ನು ನೋಡಿ ಮದ್ರಾಸ್ ಹೀಗೆ ಮಾಡಿತು ಅಂತ ನಾನು ಹೇಳ್ತಿಲ್ಲ. ಯುರೋಪಿನ ಆಧುನಿಕ ಕಲೆಗೆ ಉತ್ತರ ಕೊಡಬೇಕಾದ ಎರಡು ಊರುಗಳು ತಮ್ಮ ತಮ್ಮ ಕೈಬರಹದ ಕಡೆ ತಿರುಗಿದವು, ಅಷ್ಟೇ ನನ್ನ ಮಾತು.

ಪರ್ವೀಜ್ ತನಾವೊಲಿಯವರದು ಬೇರೆ ದಾರಿ. ಅವರೂ ಸಖ್ಖಾಖಾನೆಯವರೇ. ಆದರೆ 1965ರಿಂದ ಅವರು ಒಂದೇ ಪದವನ್ನು ಶಿಲ್ಪ ಮಾಡುತ್ತಾ ಬಂದಿದ್ದಾರೆ: ‘ಹೀಚ್’. ಅರ್ಥ, ‘ಏನೂ ಇಲ್ಲ’. ಮೂರು ಅಕ್ಷರ, ಹೇ, ಯೇ, ಚೇ. ನಸ್ತಾಲಿಖ್‌ನಲ್ಲಿ ಹೇ ಅಕ್ಷರದ ಎರಡು ಕಣ್ಣುಗಳು ತಲೆಯಂತೆ ಕಾಣುತ್ತವೆ, ಉಳಿದ ಬಳುಕು ಮೈಯಾಗುತ್ತದೆ. ಹಾಗಾಗಿ ಆ ‘ಏನೂ ಇಲ್ಲ’ ಕುರ್ಚಿಯ ಮೇಲೆ ಕೂರುತ್ತದೆ, ಪಂಜರದೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕೊನೆಯ ಚೇ ಅಕ್ಷರ ಪಾರ್ಸಿ ಸೇರಿಸಿಕೊಂಡ ನಾಲ್ಕರಲ್ಲಿ ಒಂದು. ಅರಬ್ಬಿ ವರ್ಣಮಾಲೆಯಲ್ಲಿ ಅದಿಲ್ಲ. ಓದಲಾರದವರಿಗೆ ಇದು ಒಂದು ಮುದ್ದಾದ ಬಳುಕು. ಓದಬಲ್ಲವರಿಗೆ ‘ಏನೂ ಇಲ್ಲ’ ಎಂಬ ಮಾತು ಆಳೆತ್ತರಕ್ಕೆ ಎದ್ದು ಕಂಚಿನಲ್ಲಿ ಹೊಳೆಯುವ ತಮಾಷೆ, ಅದರ ಹಿಂದಿನ ದುಃಖ. ಆಕಾರ ಒಂದೇ, ಆದರೆ ಕೃತಿ ಎರಡಾಗಿ ಒಡೆಯುತ್ತದೆ. ಅರ್ಥ ಗೊತ್ತಿಲ್ಲದೆ ‘ಹೀಚ್’ ನೋಡಿದರೆ ಅರ್ಧ ಕೃತಿ ನೋಡಿದ ಹಾಗೆ ಅಂತ ನನ್ನ ಅಭಿಪ್ರಾಯ.

4. ಮುಖದ ಮೇಲಿನ ಕವಿತೆ, ಮನೆಯ ಹೆಸರಿನ ಪದ

ನೆಶಾತ್ ಅವರ ಚಿತ್ರಕ್ಕೆ ಮರಳಿ ಬರ್ತೀನಿ. 1993ರಿಂದ 1997ರವರೆಗೆ ಅವರು ಮಾಡಿದ ‘ಅಲ್ಲಾಹನ ಮಹಿಳೆಯರು’ ಎಂಬ ಮಾಲಿಕೆ ಅದು. ಹೆಂಗಸಿನ ಮುಖ, ಅಂಗೈ, ಪಾದಗಳ ಛಾಯಾಚಿತ್ರದ ಮೇಲೆ ಕೈಯಿಂದ ಶಾಯಿಯಲ್ಲಿ ಬರೆದದ್ದು. ಬರೆದದ್ದು ಮಂತ್ರವಲ್ಲ, ಆಧುನಿಕ ಇರಾನಿನ ಕವಯಿತ್ರಿಯರ ಕವಿತೆ. ಮುಖ್ಯವಾಗಿ ಫರೂಗ್ ಫರ್ರುಖ್‌ಜಾದ್ ಮತ್ತು ತಾಹೆರೆ ಸಫ್ಫಾರ್‌ಜಾದೆ. ಇವರಿಬ್ಬರ ನಿಲುವು ಒಂದೇ ಅಲ್ಲ. ಫರೂಗ್ ಹೆಣ್ಣಿನ ಬಯಕೆಯನ್ನು ಮುಚ್ಚುಮರೆಯಿಲ್ಲದೆ ಬರೆದು, 1967ರಲ್ಲಿ, ಕ್ರಾಂತಿಗೂ ಮೊದಲೇ ಅಪಘಾತದಲ್ಲಿ ತೀರಿಕೊಂಡವರು. ಸಫ್ಫಾರ್‌ಜಾದೆ ಕ್ರಾಂತಿಯ ಪರ ನಿಂತವರು. ಅಂದಮೇಲೆ ಯಾವ ಮುಖದ ಮೇಲೆ ಯಾರ ಕವಿತೆ ಇದೆ ಎಂಬುದರಿಂದ ಚಿತ್ರದ ಮಾತೇ ಬದಲಾಗುತ್ತದೆ.

ನಮ್ಮ ತರಗತಿಯಲ್ಲಿ ಆದದ್ದು ಏನು? ಮಾತಾಡುತ್ತಿದ್ದ ಹೆಂಗಸನ್ನು ನಾವು ಮೆಹಂದಿ ಮಾಡಿಬಿಟ್ಟೆವು. ಗ್ಯಾಲರಿಗಳ ಬಹುಪಾಲು ನೋಡುಗರೂ ಹೀಗೆಯೇ. ಇದನ್ನು ಕಲಾವಿದೆಯ ತಪ್ಪೆಂದು ಹೇಳುವವರಿದ್ದಾರೆ: ಓದಲಾರದ ನೋಡುಗರಿಗೆ ತೋರಿಸಲೆಂದೇ ಲಿಪಿ ಬಳಸಿದರು, ಪೂರ್ವದೇಶದ ನಿಗೂಢತೆಯನ್ನು ಮಾರಿದರು ಅಂತ. ಈ ಟೀಕೆಯನ್ನು ಪೂರ್ತಿ ತಳ್ಳಿಹಾಕಲಾರೆ. ಬರಹಕ್ಕೆ ಪಕ್ಕದಲ್ಲೇ ಅನುವಾದ ಇಟ್ಟಿದ್ದರೆ ನಮ್ಮಂಥವರಿಗೆ ದಾರಿ ಸಿಗುತ್ತಿತ್ತು. ಆದರೂ, ಕವಿತೆ ಅಲ್ಲಿ ಇದ್ದೇ ಇದೆ, ಅಕ್ಷರ ಅಕ್ಷರವೂ ಓದಬಹುದಾದ ಹಾಗೆ. ಅದನ್ನು ಅಲಂಕಾರ ಎಂದು ಕರೆದದ್ದು ನಮ್ಮ ಕಣ್ಣು.

ಜರೀನಾ ಹಾಶ್ಮಿ ಇದೇ ಸಮಸ್ಯೆಯನ್ನು ಇನ್ನಷ್ಟು ಮೆಲುದನಿಯಲ್ಲಿ ಎದುರಿಸಿದರು ಅನ್ನಿಸುತ್ತದೆ. 1937ರಲ್ಲಿ ಅಲಿಗಢದಲ್ಲಿ ಹುಟ್ಟಿ, ದೇಶ ದೇಶ ಅಲೆದು, ನ್ಯೂಯಾರ್ಕಿನಲ್ಲಿ ನೆಲೆಸಿ, 2020ರಲ್ಲಿ ತೀರಿಕೊಂಡವರು. ಅವರ ಕುಟುಂಬ ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋಯಿತು. 1999ರ ‘ಮನೆಯೆಂಬುದು ಪರದೇಶ’ ಎಂಬ ಕೃತಿಯಲ್ಲಿ 36 ಮರದಚ್ಚಿನ ಚಿತ್ರಗಳಿವೆ. ಒಂದೊಂದಕ್ಕೂ ಒಂದೊಂದು ಉರ್ದು ಪದ, ನಸ್ತಾಲಿಖ್ ಬರಹದಲ್ಲಿ. ಮನೆ, ಹೊಸ್ತಿಲು, ಬಾಗಿಲು, ಅಂಗಳ, ಹೀಗೆ. ಮೇಲೆ ಕೆಲವೇ ಕಪ್ಪು ಗೆರೆಗಳು, ಕೆಳಗೆ ಪದ. ಇಲ್ಲಿ ಪದವೇ ಚಿತ್ರದ ಬೀಗದ ಕೈ. ಉರ್ದು ಬಾರದವರಿಗೂ ಇಲ್ಲಿ ಒಂದು ಪದವಿದೆ, ಅದು ನನಗೆ ತಿಳಿಯುತ್ತಿಲ್ಲ ಎಂಬುದು ಗೊತ್ತಾಗುತ್ತದೆ. ನೋಡುಗನಿಗೆ ತನ್ನ ಕೊರತೆಯನ್ನು ಮರೆಯಲು ಈ ಕೃತಿ ಬಿಡುವುದಿಲ್ಲ. ಅದರ ಬಲ ಇರುವುದು ಅಲ್ಲಿ. ಮನೆಮಾತಿನ ಲಿಪಿ ತಲೆಮಾರಿನಿಂದ ತಲೆಮಾರಿಗೆ ಜಾರಿಹೋಗುವುದು ಹೇಗಿರುತ್ತದೆ ಅಂತ ಧರ್ಮಪುರಿಯ ಕನ್ನಡಿಗರಿಗೆ ಯಾರೂ ವಿವರಿಸಬೇಕಾಗಿಲ್ಲ.

5. ನಮ್ಮ ನೆಲದ ಪಾರ್ಸಿ ಅಕ್ಷರ

ಇದೆಲ್ಲ ದೂರದ ಮಾತಲ್ಲ. ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಹೋದವರು ಬಾಗಿಲು ಕಿಟಕಿಗಳ ಮೇಲಿನ ಕಲ್ಲಿನ ಜಾಲಂದ್ರ ನೋಡಿರುತ್ತೀರಿ. ಅಲ್ಲಿ ಜಾಲಂದ್ರದ ಮೇಲೆ ಅಕ್ಷರ ಕೆತ್ತಿಲ್ಲ, ಅಕ್ಷರಗಳೇ ಜಾಲಂದ್ರ. ನಡುವಿನ ಕಲ್ಲು ತೆಗೆದು, ಅಕ್ಷರ ಮಾತ್ರ ಉಳಿಸಿ, ಬೆಳಕು ಬರಲು ಬಿಟ್ಟಿದ್ದಾರೆ. ಅಲ್ಲಿ ಮಲಗಿರುವ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ದಖನಿಯಲ್ಲಿ ‘ಕಿತಾಬ್-ಎ-ನೌರಸ್’ ಬರೆದವನು, ಅದರಲ್ಲಿ ಸರಸ್ವತಿಯನ್ನು ನೆನೆದವನು. ಆ ಪುಸ್ತಕವನ್ನು ಅಂದವಾಗಿ ಬರೆದುಕೊಟ್ಟ ಲಿಪಿಕಾರ ಖಲೀಲುಲ್ಲಾನಿಗೆ ‘ಲೇಖನಿಯ ಬಾದಶಾಹ’ ಎಂಬ ಬಿರುದು ಕೊಟ್ಟವನು. ಆದರೆ ಕನ್ನಡದ ಪ್ರವಾಸ ಬರಹಗಳಲ್ಲಿ ಆ ಜಾಲಂದ್ರದ ಬಗ್ಗೆ ಸಾಮಾನ್ಯವಾಗಿ ಸಿಗುವುದು ‘ಸೂಕ್ಷ್ಮ ಕುಸುರಿ’ ಎಂಬ ಎರಡು ಪದ. ಏನು ಬರೆದಿದೆ ಎಂಬ ಪ್ರಶ್ನೆ ಅಪರೂಪ. ನಮ್ಮದೇ ನಾಡಿನ ಗೋಡೆಯನ್ನು ನಾವು ದೇವರ ಗೂಡಿನ ಪುಸ್ತಕ ಮಾಡಿದ್ದೇವೆ. ಅರಿಶಿನದ ಬದಲು ಹೊಗಳಿಕೆ ಹಚ್ಚುತ್ತೇವೆ.

ಇನ್ನೂ ಹತ್ತಿರಕ್ಕೆ, ನಮ್ಮ ಸೀಮೆಗೇ ಬರೋಣ. ಧರ್ಮಪುರಿ, ಕೃಷ್ಣಗಿರಿ ಸುತ್ತಿನ ನೆಲಕ್ಕೆ ಬಾರಾಮಹಲ್ ಎಂಬ ಹೆಸರಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕಂಪನಿಯ ಕೈಗೆ ಹೋಗುವವರೆಗೆ ಇದು ಹೈದರ್, ಟಿಪ್ಪು ಅವರ ಮೈಸೂರಿನ ಭಾಗ. ಅದಕ್ಕೂ ಬಹಳ ಹಿಂದೆ, 9ನೇ ಶತಮಾನದಲ್ಲಿ, ಇದೇ ಧರ್ಮಪುರಿಯಲ್ಲಿ, ಅಂದಿನ ತಗಡೂರಿನಲ್ಲಿ, ನೊಳಂಬರು ಕನ್ನಡ ಶಾಸನ ಹಾಕಿಸಿದ್ದರು. ಸೇಲಂನಿಂದ ಬೇರೆಯಾಗಿ ಧರ್ಮಪುರಿ ಜಿಲ್ಲೆ ಆದದ್ದು 1965ರಲ್ಲಿ. ತಮಿಳು, ಕನ್ನಡ, ತೆಲುಗು, ಉರ್ದು ನಾಲ್ಕೂ ಕೇಳುವ ಊರುಗಳು ಇಲ್ಲಿ ಇವತ್ತಿಗೂ ಇವೆ.

ಹೈದರನ ಚಿನ್ನದ ವರಹವನ್ನು ನೋಡಿ. ಒಂದು ಮುಖದಲ್ಲಿ ಶಿವ ಪಾರ್ವತಿ, ಹಿಂದಿನ ನಾಣ್ಯದಿಂದ ಹಾಗೇ ಉಳಿಸಿಕೊಂಡದ್ದು. ಇನ್ನೊಂದು ಮುಖದಲ್ಲಿ ಚುಕ್ಕಿಗಳ ನಡುವೆ ಒಂದೇ ಒಂದು ಪಾರ್ಸಿ ಅಕ್ಷರ, ಹೈದರ್ ಹೆಸರಿನ ಮೊದಲ ಅಕ್ಷರ ‘ಹೇ’. ಪಾರ್ಸಿಯಲ್ಲಿ ಹೇ ಎಂಬ ಹೆಸರಿನ ಅಕ್ಷರ ಎರಡಿವೆ. ಹೈದರನದು ಒಂದು, ತನಾವೊಲಿಯವರ ‘ಹೀಚ್’ನ ತಲೆಯಾದ ಹೇ ಇನ್ನೊಂದು. ಅಂದಿನ ರೈತನಿಗೆ ಪಾರ್ಸಿ ಬರುತ್ತಿರಲಿಲ್ಲ. ಆದರೂ ಆ ಗುರುತು ಯಾರದು ಅಂತ ಗೊತ್ತಿತ್ತು ಅಂತ ನನ್ನ ಊಹೆ, ಯಾಕೆಂದರೆ ಕಂದಾಯ ಕಟ್ಟುವವನಿಗೆ ನಾಣ್ಯ ಯಾರದೆಂದು ತಿಳಿಯದೆ ನಡೆಯದು. ಪೂರ್ತಿ ಓದು ಬಾರದವರೂ ಅಕ್ಷರವನ್ನು ಗುರುತಿಸಬಲ್ಲರು. ಆ ಗುರುತಿಗೆ ಕಾರಣ ಸೌಂದರ್ಯವಲ್ಲ, ಸಂಬಂಧ. ಅಕ್ಷರ ಬದುಕಿಗೆ ತಾಗಿದಾಗ ಜನ ಅದನ್ನು ಚಿತ್ರ ಅಂತ ಬಿಟ್ಟುಬಿಡುವುದಿಲ್ಲ.

6. ಟೈಲರ್ ಅಂಗಡಿಯ ಓದುಗ

ಕೊನೆಯದಾಗಿ ಒಂದು ಸಣ್ಣ ಪ್ರಸಂಗ. ಈ ಪ್ರಬಂಧ ಬರೆಯುವಾಗ ಧರ್ಮಪುರಿ ಪೇಟೆಯಲ್ಲಿ ರವಿಕೆ ಕೊಡಲು ಅಮ್ಮನ ಜೊತೆ ಹೋಗಿದ್ದೆ. ಟೈಲರ್ ವಯಸ್ಸಾದವರು, ಮನೆಯಲ್ಲಿ ದಖನಿ, ನಮ್ಮ ಜೊತೆ ಕನ್ನಡ, ಗಿರಾಕಿಗಳ ಜೊತೆ ತಮಿಳು. ಕಾಯುತ್ತಾ ಕೂತಾಗ ಫೋನಿನಲ್ಲಿ ತನಾವೊಲಿ ಶಿಲ್ಪದ ಫೋಟೋ ನೋಡುತ್ತಿದ್ದೆ. ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿ ನಕ್ಕರು. ‘ಹೇಚ್. ಏನೂ ಇಲ್ಲ, ಬೆಲೆ ಇಲ್ಲದ್ದು ಅಂತ. ಅದಕ್ಕೆ ಇಷ್ಟು ದೊಡ್ಡ ಬೊಂಬೆ ಯಾಕಮ್ಮ?’ ಅಂದರು. ಪದ ಉರ್ದುವಿನಲ್ಲೂ ಇದೆ.

ನಾನು ಮೂರು ವಾರ ತಿಣುಕಿ ಹಿಡಿದದ್ದನ್ನು ಅವರು ಒಂದು ಕ್ಷಣದಲ್ಲಿ ಓದಿದರು. ಕೃತಿಯ ತಮಾಷೆ ಅವರಿಗೆ ಸಿಕ್ಕಿತು, ನಕ್ಕರಲ್ಲ! ಅವರ ಪ್ರಶ್ನೆ ಒಳ್ಳೆಯ ವಿಮರ್ಶಕ ಕೇಳಬೇಕಾದ ಪ್ರಶ್ನೆಯೇ. ‘ಇಂಥ ಕಲೆಯನ್ನು ಓದಬಲ್ಲವರು ನಮ್ಮಲ್ಲಿಲ್ಲ, ಹಾಗಾಗಿ ರೂಪವನ್ನಷ್ಟೇ ನೋಡೋಣ’ ಅನ್ನುವ ನಮ್ಮ ಮಾತು ಸುಳ್ಳು. ಓದುಗ ಪಕ್ಕದ ಬೀದಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ. ನಾವು ಕೇಳಿಲ್ಲ, ಅಷ್ಟೇ.

ಪ್ರಶ್ನೋತ್ತರದಿಂದ

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ‘ನಿಮಗೂ ಪಾರ್ಸಿ ಬರುವುದಿಲ್ಲ. ಹಾಗಿದ್ದ ಮೇಲೆ ಈ ಕಲೆಯ ಬಗ್ಗೆ ಮಾತಾಡುವ ಅಧಿಕಾರ ನಿಮಗೆಲ್ಲಿಂದ ಬಂತು? ಭಾಷೆ ಬಾರದವರು ಕಲೆ ನೋಡಲೇಬಾರದೇ?’

ನ್ಯಾಯವಾದ ಪ್ರಶ್ನೆ. ನೋಡಬೇಕು, ಖಂಡಿತ ನೋಡಬೇಕು. ಅಜ್ಜಿ ಕುಂಕುಮ ಹಚ್ಚಿದ್ದರಿಂದಲೇ ಆ ಪುಸ್ತಕ ಗೆದ್ದಲಿಗೆ ಹೋಗದೆ ನನ್ನ ಕೈಗೆ ಬಂತು. ಓದದೆ ಪ್ರೀತಿಸುವುದೂ ಒಂದು ಬಗೆಯ ಕಾಪಾಡುವಿಕೆ. ನನ್ನ ತಕರಾರು ಪ್ರೀತಿಯ ಮೇಲಲ್ಲ. ‘ನನಗೆ ಓದಲು ಬರುವುದಿಲ್ಲ’ ಎಂದು ಹೇಳಬೇಕಾದ ಕಡೆ ‘ಇದು ಓದನ್ನು ಮೀರಿದ್ದು’ ಅನ್ನುತ್ತೇವಲ್ಲ, ಅದರ ಮೇಲೆ. ಮೊದಲ ಮಾತು ಹೇಳಿದವರು ನಾಳೆ ಯಾರನ್ನಾದರೂ ಕೇಳಿಯಾರು. ಎರಡನೆಯದು ಹೇಳಿದವರಿಗೆ ಕೇಳುವ ಅಗತ್ಯವೇ ಉಳಿಯುವುದಿಲ್ಲ.

ಪುಸ್ತಕ ಈಗಲೂ ದೇವರ ಗೂಡಿನಲ್ಲೇ ಇದೆ. ಶುಕ್ರವಾರ ಅಜ್ಜಿ ಕುಂಕುಮ ಹಚ್ಚುತ್ತಾಳೆ. ಒಂದೇ ವ್ಯತ್ಯಾಸ, ಈಗ ಅಕ್ಷರದ ಮೇಲೆ ಹಚ್ಚುವುದಿಲ್ಲ, ಅಂಚಿಗೆ ಹಚ್ಚುತ್ತಾಳೆ. ‘ಹೆಸರು ಮುಚ್ಚೋಗ್ತದೆ’ ಅಂತಾಳೆ.